ಆ ಟ್ಯೂಬ್ ಎಲ್ಲದಕ್ಕೂ ಅಲ್ಲ

ಕಕ್ಕಡ ತಿಂಗಳ ಮಳೆ ಹಿಡಿದರೆ ನನ್ನ ಮಡಿಕೇರಿ ಕ್ಲಿನಿಕ್‌ಗೆ ಎರಡು ಬಗೆಯ ಕಾಲುಗಳು ಬರುತ್ತವೆ. ಜಿಗಣೆ ಕಚ್ಚಿದಲ್ಲಿ ಕೆರೆದು ಕೆರೆದು ಕೀವಾದದ್ದು ಒಂದು. ದಿನವಿಡೀ ಗಂಬೂಟಿನೊಳಗೆ ನೆನೆದು ಬೆರಳ ಸಂದಿ ಬೆಳ್ಳಗೆ ಸಿಪ್ಪೆ ಎದ್ದದ್ದು ಇನ್ನೊಂದು. ಎರಡಕ್ಕೂ ಮನೆಯಲ್ಲೇ ಹಚ್ಚಿಕೊಂಡು ಬಂದಿರುವುದು ಒಂದೇ ಮುಲಾಮು, ಮ್ಯುಪಿರೋಸಿನ್.

ಕಳೆದ ವರ್ಷ ನಾಪೋಕ್ಲು ಕಡೆಯ ಹಿರಿಯರೊಬ್ಬರು ಜೇಬಿನಿಂದ ಟ್ಯೂಬ್ ತೆಗೆದರು. ಬುಡದಿಂದ ಬೀಡಿಯಂತೆ ಸುತ್ತಿಟ್ಟಿದ್ದರು, ಅಕ್ಷರವೆಲ್ಲ ಅಳಿಸಿತ್ತು. “ಮೂರು ಮಳೆಗಾಲದಿಂದ ಇದೇ ಹಾಕ್ತಿದ್ದೇನೆ ಡಾಕ್ಟ್ರೇ. ಬೆರಳ ಸಂದಿ ಮಾತ್ರ ಕೇಳ್ತಿಲ್ಲ.”

ಹೇಗೆ ಕೇಳುತ್ತದೆ? ಅದು ಫಂಗಸ್.

ಮ್ಯುಪಿರೋಸಿನ್ ಸಿಕ್ಕ ಗಾಯವನ್ನೆಲ್ಲ ಒಣಗಿಸುವ ಮದ್ದಲ್ಲ. ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಪ್ರೋಟೀನ್ ಕಟ್ಟುವ ಜಾಗ ರೈಬೋಸೋಮ್. ಅಲ್ಲಿಗೆ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲ ಹೊತ್ತು ತರುವುದು ಟಿಆರ್‌ಎನ್‌ಎ ಎಂಬ ಅಣು. ಯಾವ ಟಿಆರ್‌ಎನ್‌ಎಗೆ ಯಾವ ಆಮ್ಲ ಅಂತ ನೋಡಿ ಅಂಟಿಸುವ ಕಿಣ್ವಗಳಿವೆ, ಸಾಮಾನ್ಯವಾಗಿ ಆಮ್ಲಕ್ಕೊಂದು. ಕಾಫಿ ಚೀಲ ಲಾರಿಗೆ ಏರಿಸುವವರು ಬಿಚ್ಚಿ ನೋಡುತ್ತಾರಾ? ಮೇಲಿನ ಗುರುತು ನೋಡುತ್ತಾರೆ. ರೈಬೋಸೋಮ್ ಕೂಡ ಹಾಗೇ, ಟಿಆರ್‌ಎನ್‌ಎ ಎಂಬ ಚೀಲವನ್ನು ನೋಡುತ್ತದೆ, ಒಳಗಿನ ಆಮ್ಲವನ್ನಲ್ಲ. 1962ರಲ್ಲಿ ಟಿಆರ್‌ಎನ್‌ಎ ಮೇಲೆ ಕೂತಿದ್ದ ಸಿಸ್ಟೀನ್ ಎಂಬ ಆಮ್ಲವನ್ನು ಅಲನೀನ್ ಎಂಬ ಬೇರೆ ಆಮ್ಲ ಮಾಡಿ ಕಳಿಸಿ ನೋಡಿದರು. ರೈಬೋಸೋಮ್ ಸುಮ್ನೆ ಸಿಸ್ಟೀನ್ ಜಾಗಕ್ಕೆ ಅಲನೀನ್ ಸೇರಿಸಿತು! ಹಾಗಾಗಿ ಚೀಲ ತುಂಬುವಾಗಲೇ ಸರಿಯಿರಬೇಕು. ಐಸೋಲ್ಯೂಸಿನ್ ಎಂಬ ಆಮ್ಲ ತುಂಬುವ ಕಿಣ್ವದ ಪಾಡು ಕೇಳಬೇಡಿ. ಅದರಂತೆಯೇ ಇರುವ ವ್ಯಾಲೀನ್ ಒಂದೇ ಇಂಗಾಲದಷ್ಟು ಚಿಕ್ಕದು. ತಪ್ಪಿ ನುಗ್ಗಿದ್ದನ್ನು ಕತ್ತರಿಸಿ ಎಸೆಯಲು ಅದೇ ಕಿಣ್ವದಲ್ಲಿ ಬೇರೆ ಜಾಗವೇ ಇದೆ.

ಮ್ಯುಪಿರೋಸಿನ್ ಹೋಗಿ ಕೂರುವುದು ಬ್ಯಾಕ್ಟೀರಿಯಾದ ಈ ಕಿಣ್ವದಲ್ಲಿ, ಐಸೋಲ್ಯೂಸಿನ್ ಕೂರಬೇಕಾದ ಕಡೆ. ಚೀಲ ಖಾಲಿ, ಪ್ರೋಟೀನ್ ಕೆಲಸ ಬಂದ್. ನಮ್ಮ ಕಿಣ್ವದ ರಚನೆ ಬೇರೆ, ಅದಕ್ಕೆ ಇದು ಅಷ್ಟಾಗಿ ಹಿಡಿಯುವುದಿಲ್ಲ.

ಇರಲಿ ಅಂತ ಹಚ್ಚುತ್ತಲೇ ಇದ್ದರೆ? ಕೆಲವು ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಈ ಮದ್ದು ಹಿಡಿಯದ ಇನ್ನೊಂದು ಕಿಣ್ವದ ಜೀನ್ ಇದೆ. ಹಚ್ಚಿದಷ್ಟೂ ಉಳಿದು ಹೆಚ್ಚುವುದು ಅವೇ. ನಾಳೆ ನಿಜವಾಗಿ ಕೀವಾದಾಗ ಟ್ಯೂಬ್ ಇದ್ದೂ ಇಲ್ಲದ ಹಾಗೆ. ಈ ಮುಲಾಮನ್ನು ಸಾಮಾನ್ಯವಾಗಿ 10 ದಿನಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಶುಗರ್ ಇದ್ದವರು, ಜ್ವರ ಬಂದವರು, ಕಾಲು ಊದಿದವರು ಮುಲಾಮು ನಂಬಿ ಮನೆಯಲ್ಲಿ ಕೂರಬೇಡಿ, ತೋರಿಸಿ.

ಆ ಹಿರಿಯರಿಗೆ ಫಂಗಸ್ ಮುಲಾಮು ಬರೆದುಕೊಟ್ಟೆ. ಹಳೇದನ್ನು ಬಿಸಾಡಿ ಅಂದೆ. ತಲೆಯಾಡಿಸಿದರು, ಮತ್ತೆ ಸುತ್ತಿ ಜೇಬಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ, “ನಾಯಿಗೆ ಜಿಗಣೆ ಕಚ್ಚಿದರೆ ಆಗುತ್ತಲ್ವಾ?”