ಓದುಗರ ಪ್ರಶ್ನೆ: ಮೌಂಟ್ ಇಲ್ಲದೆ ಫೋಟೋಗೆ ಕಟ್ಟು ಹಾಕಿಸಬಹುದೇ?

ಪ್ರಶ್ನೆ: ನಾನು ತೆಗೆದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಮಾರಬೇಕೆಂದಿದ್ದೇನೆ. ಕಡಿಮೆ ಖರ್ಚಿನಲ್ಲಿ ಕಟ್ಟು ಹಾಕಿಸುವುದು ಹೇಗೆ? ಮೌಂಟ್ (ಫೋಟೋ ಮತ್ತು ಗಾಜಿನ ನಡುವೆ ಇಡುವ, ಕಿಂಡಿ ಕೊರೆದ ರಟ್ಟು) ಕೈಬಿಟ್ಟರೆ ಆಗದೇ?

ಆಗದು. ಈ ಕೊನೆಯ ವಾಕ್ಯಕ್ಕೆ ಎಷ್ಟು ಬಾರಿ ಉತ್ತರ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೂ ‘ಮೌಂಟ್ ಬರೀ ಅಲಂಕಾರ, ಗಾಜು ಒತ್ತಿ ಕೂತಷ್ಟೂ ಫೋಟೋ ಭದ್ರ’ ಎಂಬ ನಂಬಿಕೆ ಅಲುಗಾಡಿಲ್ಲ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವರು ಹಾಗೆಯೇ ಮಾಡಿಕೊಡುತ್ತಾರೆ, ನಿಜ. ಆದರೆ ಆ ಪಟ ಅಚ್ಚಿನ ಕಾಗದ; ಲ್ಯಾಬ್‌ನಲ್ಲಿ ಸಂಸ್ಕರಿಸಿದ ಫೋಟೋದ ಮೇಲ್ಮೈಯಲ್ಲಿರುವುದು ಜೆಲಟಿನ್, ಎಂದರೆ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ, ಅಂಟಿನದೇ ಜಾತಿಯ ವಸ್ತು. ಮಳೆಗಾಲದ ತೇವವನ್ನು ಹೀರಿ ಮೆತ್ತಗಾಗುವ ಅದು ಗಾಜಿಗೆ ಕಚ್ಚಿಕೊಂಡು, ಬೇಸಿಗೆಯಲ್ಲಿ ಒಣಗಿದಾಗ ಅಲ್ಲಿಯೇ ಗಟ್ಟಿಯಾಗುತ್ತದೆ. ನಂಬದವರು ಮನೆಯ ಪಡಸಾಲೆಯಲ್ಲಿರುವ ಹಳೆಯ ಮದುವೆಯ ಫೋಟೋವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಲಿ: ಒದ್ದೆಯಾದಂತೆ ಹೊಳೆಯುವ ಮಚ್ಚೆಗಳು ಕಂಡರೆ ಅವೇ ಅಂಟಿಕೊಂಡ ಜಾಗಗಳು. ಇಂಕ್‌ಜೆಟ್ ಪ್ರಿಂಟ್‌ಗೆ ಈ ಭಯವಿಲ್ಲವೆಂದು ವಾದಿಸುವವರಿದ್ದಾರೆ. ಗಾಜಿನ ಒಳಮೈಯಲ್ಲಿ ಕಟ್ಟುವ ಹನಿಗೆ ಆ ಭೇದ ತಿಳಿಯದು. ಗಾಜಿನ ಬದಲು ಅಕ್ರಿಲಿಕ್ ಹಾಕಿದರೂ ನಡುವೆ ಗಾಳಿಯಾಡುವ ಸಂದು ಬೇಕೇ ಬೇಕು, ಅದನ್ನು ಕೊಡುವುದೇ ಮೌಂಟ್‌ನ ಮೊದಲ ಕೆಲಸ.

ಉಳಿತಾಯದ ದಾರಿ ಬೇರೆ. ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ತನ್ನಿ. 8×12 ಇಂಚಿನ ಪ್ರಿಂಟ್‌ಗೆ 12×16 ಇಂಚಿನ ಮೌಂಟ್ ಇಟ್ಟುಕೊಂಡರೆ ಸುತ್ತಲೂ ಸುಮಾರು 2 ಇಂಚು ಅಂಚು ಸಿಗುತ್ತದೆ. 32×40 ಇಂಚಿನ ಒಂದು ಬೋರ್ಡ್‌ನಲ್ಲಿ ಇಂಥ 6 ತುಂಡುಗಳು ಬರುತ್ತವೆ, ಫ್ರೇಮ್‌ಗಳನ್ನೂ ಒಟ್ಟಿಗೆ ಮಾಡಿಸಬಹುದು. ಕಿಂಡಿಯನ್ನು ಪ್ರಿಂಟ್‌ಗಿಂತ ಪ್ರತಿ ಬದಿಗೂ ಎಂಟನೇ ಒಂದು ಇಂಚು ಚಿಕ್ಕದಾಗಿ ಕತ್ತರಿಸಿ. ಬೋರ್ಡ್ ಆಮ್ಲರಹಿತವಾಗಿರಲಿ, ಇಲ್ಲದಿದ್ದರೆ ಕಿಂಡಿಯ ಅಂಚು ಕೆಲವು ವರ್ಷಗಳಲ್ಲಿ ಕಂದಾಗುತ್ತದೆ. ಪ್ರಿಂಟನ್ನು ಮೇಲಂಚಿನಲ್ಲಿ ಮಾತ್ರ ಎರಡು ಕಾಗದದ ಪಟ್ಟಿಗಳಿಂದ ತೂಗುಬಿಡಿ. ನಾಲ್ಕೂ ಕಡೆ ಬಿಗಿದರೆ ತೇವಕ್ಕೆ ಹಿಗ್ಗುವ ಕಾಗದ ಅಲೆಯಲೆಯಾಗಿ ಏಳುತ್ತದೆ. ಸೆಲ್ಲೋಟೇಪನ್ನಂತೂ ಮುಟ್ಟಬೇಡಿ.

ಮಾರಲು ಎಲ್ಲಕ್ಕೂ ಫ್ರೇಮ್ ಹಾಕಬೇಕಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಂಥ ಜನಜಂಗುಳಿಯಲ್ಲಿ ಗಾಜು ಹೊತ್ತುಕೊಂಡು ಹೋಗಲು ಯಾರಿಗೂ ಮನಸ್ಸಾಗದು. ಮಾದರಿಗೆ ಎರಡನ್ನು ಕಟ್ಟು ಹಾಕಿಸಿಟ್ಟು, ಉಳಿದವನ್ನು ಮೌಂಟ್ ಮತ್ತು ಹಿಂಬದಿಯ ಬೋರ್ಡ್‌ನೊಂದಿಗೆ ಪಾರದರ್ಶಕ ಕವರಿನಲ್ಲಿಟ್ಟು ಮಾರಿ.

ಮದುವೆಯ ಫೋಟೋದ ಮಾತೆತ್ತಿದ್ದರಿಂದ, ಕೇಳದಿದ್ದರೂ ಹೇಳಿಬಿಡುತ್ತೇನೆ. ಅಂಟಿಕೊಂಡ ಫೋಟೋವನ್ನು ಕೀಳಲು ಹೋಗಬೇಡಿ. ಮುಖ ಗಾಜಿನ ಮೇಲೆ ಉಳಿದು, ಕೈಗೆ ಬಿಳಿಯ ಕಾಗದ ಬರುತ್ತದೆ. ಗಾಜಿನ ಸಮೇತ ಕಿಟಕಿಯ ಪಕ್ಕದ ಬೆಳಕಿನಲ್ಲಿಟ್ಟು, ಎದುರಿಗೆ ಕಪ್ಪು ಬಟ್ಟೆ ಹಿಡಿದು ಪ್ರತಿಬಿಂಬ ತಪ್ಪಿಸಿ, ಅದರದೇ ಒಂದು ಫೋಟೋ ತೆಗೆಯಿರಿ. ಹೊಸ ಪ್ರಿಂಟ್‌ಗೆ ಈ ಸಲ ಮೌಂಟ್ ಹಾಕಿಸಿ, ಹಳೆಯದನ್ನು ಗಾಜಿನೊಂದಿಗೇ ಬೀರುವಿನಲ್ಲಿಡಿ.