ಪೆಲೆಟ್ ಸ್ಟವ್ ತಗೊಂಡ್ರಿ ಸರಿ, ಪೈಪು ಹೆಂಗೆ ಹಾಕಿಸಿದ್ರಿ?

ಪೆಲೆಟ್ ಸ್ಟವ್ ಅಂದ್ರೆ ಮರದ ಪುಡಿ, ಸಿಪ್ಪೆ ಒತ್ತಿ ಮಾಡಿದ ಸಣ್ಣ ಗುಳಿಗೆ ಉರಿಸಿ ರೂಮು ಬಿಸಿ ಮಾಡೋ ಫ್ಯಾನ್ ಒಲೆ. ಹೋದ ಡಿಸೆಂಬರಲ್ಲಿ ಶಿಡ್ಲಘಟ್ಟ ಕಡೆ ಒಬ್ರು ರೇಷ್ಮೆ ರೈತರು ಬೆಳಗ್ಗೆ ಐದಕ್ಕೇ ಫೋನ್ ಮಾಡಿದ್ರು, "ಅಣ್ಣಾ, ಹುಳದ ಮನೆ ತುಂಬಾ ಹೊಗೆ, ಬೇಗ ಬಾ" ಅಂತ. ಹೋಗಿ ನೋಡಿದ್ರೆ ಸ್ಟವ್ ಚೆನ್ನಾಗೇ ಇತ್ತು. ಹಾಕಿದವರು ಪೈಪನ್ನ ಸ್ಟವ್ ಹಿಂದಿಂದ ಸೀದಾ ಗೋಡೆ ತೂತಲ್ಲಿ ಆಚೆಗೆ ಬಿಟ್ಟು ಹೋಗಿದ್ರು, ರಾತ್ರಿ ಕರೆಂಟ್ ಹೋಗಿದೆ, ಫ್ಯಾನ್ ನಿಂತಿದೆ, ಸ್ಟವ್ ಒಳಗಿನ ಉರಿಯೋ ಬಟ್ಟಲಲ್ಲಿ ಉಳಿದಿದ್ದ ಪೆಲೆಟ್ ಹೊಗೆಯಾಡಿ ಎಲ್ಲಾ ಒಳಗೇ ವಾಪಸ್ ಬಂದಿದೆ. ಎರಡನೇ ಜ್ವರ (ಪೊರೆ ಬಿಡೋದು) ಮುಗಿಸಿ ಎದ್ದಿದ್ದ ಹುಳ ಅಷ್ಟೂ ಹೋಯ್ತು. ಆ ಯಪ್ಪನ ಮುಖ ನನಗಿನ್ನೂ ಮರೆತಿಲ್ಲ.

ನಮ್ಮ ಕಡೆ ಚಳಿಗಾಲದಲ್ಲಿ ಇದ್ದಿಲು ಕೆಂಡ ಬಾಣಲೀಲಿ ಹಾಕಿ ಬಾಗಿಲು ಕಿಟಕಿ ಮುಚ್ಚೋದು ರೂಢಿ, ಚಾಕಿ ಹುಳಕ್ಕೆ (ಎಳೇ ರೇಷ್ಮೆ ಹುಳ) 27-28 ಡಿಗ್ರಿ ಬೇಕಲ್ಲ. ಅದರಲ್ಲಿ ಹುಟ್ಟೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೇನೂ ಇಲ್ಲ ಬಣ್ಣಾನೂ ಇಲ್ಲ, ಕಾವಲಿಗೆ ಅಲ್ಲೇ ಮಲಗೋರಿಗೆ ಜೀವಕ್ಕೇ ಅಪಾಯ. ಅದಕ್ಕೇ ಪೆಲೆಟ್ ಸ್ಟವ್ ಒಳ್ಳೇದು ಅಂತ ನಾನೇ ಹೇಳ್ತೀನಿ, ಹುಳದ ಮನೆಗೂ ಸರಿ, ವಯಸ್ಸಾದವರಿರೋ ಮನೆಗೂ ಸರಿ. ಆದ್ರೆ ಅದರ ಪೈಪು ನಮ್ಮ ಅಸ್ತ್ರ ಒಲೆ (ಚಿಮಣಿ ಇರೋ ಸೌದೆ ಒಲೆ) ಚಿಮಣಿ ಥರ ಅಲ್ಲ. ಅಲ್ಲಿ ಬಿಸಿ ಹೊಗೆ ತಾನೇ ಮೇಲಕ್ಕೆ ಎಳ್ಕೊಂಡು ಹೋಗುತ್ತೆ, ಸಂದಿ ಇದ್ರೆ ಒಳಗಿನ ಗಾಳೀನೇ ಪೈಪಿಗೆ ನುಗ್ಗುತ್ತೆ. ಇಲ್ಲಿ ಫ್ಯಾನು ಹೊಗೇನ ದಬ್ಬುತ್ತೆ, ಸಣ್ಣ ಸಂದಿ ಇದ್ರೂ ಅಲ್ಲಿಂದ ರೂಮಿಗೆ ಬರುತ್ತೆ. ಹಾಗಾಗಿ ಪ್ರತಿ ಜಾಯಿಂಟಿಗೂ ಬಿಸಿ ತಡೆಯೋ ಸಿಲಿಕೋನ್ ಹಾಕ್ಲೇಬೇಕು, ಪೈಪು ಪೆಲೆಟ್ ಸ್ಟವ್‌ಗೆ ಅಂತಾನೇ ಬರೋ ಎರಡು ಪದರದ್ದೇ ಆಗಿರ್ಬೇಕು. ಪಿವಿಸಿ ಹಾಕಿರೋ ಮನೇನೂ ನೋಡಿದ್ದೀನಿ, ದಯವಿಟ್ಟು ಬೇಡ.

ಇನ್ನು ಸೈಜು. ಸಾಮಾನ್ಯವಾಗಿ 3 ಇಂಚು ಸಾಕು, ಆದ್ರೆ ಪೈಪು ಉದ್ದ ಆದಷ್ಟೂ ತಿರುವು ಜಾಸ್ತಿ ಆದಷ್ಟೂ ಫ್ಯಾನಿಗೆ ಕಷ್ಟ. ನಾವು ಲೆಕ್ಕ ಹಾಕೋದು ಹಿಂಗೆ: ಅಡ್ಡ ಪೈಪು ಅಡಿಗೆ 1, ನೆಟ್ಟಗೆ ಮೇಲೆ ಹೋಗೋದು ಅಡಿಗೆ ಅರ್ಧ, 90 ಡಿಗ್ರಿ ಎಲ್ಬೋ (ತಿರುವಿನ ತುಂಡು) ಒಂದಕ್ಕೆ 5. ಅಡ್ಡ 4 ಅಡಿ, ಎಲ್ಬೋ ಎರಡು, ಮೇಲಕ್ಕೆ 6 ಅಡಿ ಅಂದ್ರೆ 17 ಆಯ್ತು. 15 ದಾಟಿದ್ರೆ 4 ಇಂಚಿಗೆ ಹೋಗಿ. ಇನ್ನೊಂದು ವಿಷಯ ಯಾರೂ ಯೋಚ್ನೆ ಮಾಡಲ್ಲ, ಚಿಕ್ಕಬಳ್ಳಾಪುರ ಟೌನೇ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 3000 ಅಡಿ ಎತ್ತರ, ನಂದಿ ಬೆಟ್ಟದ ತುದಿ 4800 ದಾಟುತ್ತೆ, ಗಾಳಿ ತೆಳು ಆದ್ರೆ ಉರಿಗೂ ಕಮ್ಮಿ ಸಿಗುತ್ತೆ, ಅದಕ್ಕೇ ಬೆಟ್ಟದ ಕಡೆ ಮನೆಗಳಿಗೆ ನಾನು ಲೆಕ್ಕ ಏನೇ ಬರಲಿ 4 ಇಂಚೇ ಹಾಕೋದು. ಸ್ಟವ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಹೇಳಿದ್ರೆ ಅದೇ ಫೈನಲ್.

ಕರೆಂಟ್ ಹೋದಾಗ ತೊಂದರೆ ಆಗದಿರೋಕೆ ಪೈಪು ಕನಿಷ್ಠ 3ರಿಂದ 5 ಅಡಿ ನೆಟ್ಟಗೆ ಮೇಲೇರ್ಲೇಬೇಕು, ಆಗ ಫ್ಯಾನ್ ನಿಂತ್ರೂ ಬಿಸಿ ಹೊಗೆ ತಾನಾಗೇ ಎಳ್ಕೊಂಡು ಹೋಗುತ್ತೆ. ಇನ್ವರ್ಟರ್ ಇಡಿ, ಆದ್ರೆ ಅದನ್ನೇ ನಂಬ್ಕೊಂಡು ಪೈಪು ಅಡ್ಡಡ್ಡ ಬಿಡ್ಬೇಡಿ. ಪೈಪಿನ ಬಾಯಿ ಕಿಟಕಿಯ ಪಕ್ಕದಲ್ಲಿ ಬಂದ್ರೆ 4 ಅಡಿ ದೂರ ಇರ್ಲಿ. ಹುಳದ ಮನೇಲಿ ಗೂಡು ಕಟ್ಟಿಸೋ ಬಿದಿರು ಚಂದ್ರಿಕೆ, ಗೋಣಿ, ಪ್ಲಾಸ್ಟಿಕ್ ಪರದೆ ಎಲ್ಲಾ ಇರುತ್ತೆ, ಪೈಪಿಂದ ಕಡಿಮೆ ಅಂದ್ರೂ 3 ಇಂಚು ಬಿಡಿ, ನಾನಂತೂ ಒಂದು ಅಡಿ ಬಿಡಿಸ್ತೀನಿ. ಪರದೆ ಕಟ್ಟಿ ಬಿಗಿಯಾಗಿ ಮುಚ್ಚಿದ ರೂಮಾದ್ರೆ ಉರಿಗೆ ಬೇಕಾದ ಗಾಳೀನ ಆಚೆಯಿಂದಾನೇ ಬೇರೆ ಕಬ್ಬಿಣದ ಪೈಪಲ್ಲಿ ಕೊಡ್ಬೇಕು. ಬಿಸಿಗೆ ರೂಮಿನ ತೇವ ಆರುತ್ತೆ, ಒದ್ದೆ ಗೋಣಿ ನೇತು ಹಾಕೋದು ಮರೀಬೇಡಿ.

ಕಡ್ಲೆಕಾಯಿ ಸಿಪ್ಪೆ ಪೆಲೆಟ್ ಅಗ್ಗ ಅಂತ ಹಾಕ್ತಾರೆ, ಬೂದಿ ಜಾಸ್ತಿ, ಗಟ್ಟಿ ಹೆಂಟೆ ಕಟ್ಟುತ್ತೆ, ದಿನಾ ಬಟ್ಟಲು ಕೆರೀಬೇಕು.

ಆ ರೈತರ ಮನೇಲಿ ಪೈಪು ಬಿಚ್ಚಿ ಹೊಸದಾಗಿ 4 ಇಂಚಲ್ಲಿ ಮೇಲೇರಿಸಿದ್ವಿ. ಸ್ಟವ್ ಚೆನ್ನಾಗಿ ಉರೀತಿದ್ದಾಗ, ರೂಮಲ್ಲಿ ಹುಳ ಇಲ್ಲದಿರೋವಾಗ, ನಾನೇ ಮೇನ್ ಆಫ್ ಮಾಡ್ದೆ, ಬಾಗಿಲು ತೆಗೆದಿಟ್ಟು ಇಬ್ರೂ ಟಾರ್ಚ್ ಹಿಡ್ಕೊಂಡು ಒಂದೊಂದೇ ಜಾಯಿಂಟ್ ನೋಡಿದ್ವಿ. ಹೊಗೆ ಆಚೆ ತುದೀಲಿ ಮಾತ್ರ ಬಂತು. ಹೊಸ ಚಾಕಿ ತರೋಕೆ ಅವತ್ತೇ ಒಪ್ಪಿಗೆ ಕೊಟ್ಟೆ.