ಎಫ್ ಕಾರ್ಡ್ ಹಿಡಿಯಲಾಗದಿದ್ದರೆ ಮೊದಲು ನಟ್ ನೋಡಿ

ಗಿಟಾರ್ ಕಲಿಯಲು ಹೊರಟು ಅರ್ಧಕ್ಕೇ ಬಿಟ್ಟವರನ್ನು ಕೇಳಿ ನೋಡಿ. ಒಂದೇ ಬೆರಳಿನಿಂದ 1ನೇ ಫ್ರೆಟ್‌ನ ತಂತಿಗಳನ್ನೆಲ್ಲ ಒತ್ತಬೇಕಾದ ಎಫ್ ಕಾರ್ಡ್ ಬರಲೇ ಇಲ್ಲ, ಬೆರಳು ನೋವು ತಡೆಯಲಾಗಲಿಲ್ಲ ಅನ್ನುತ್ತಾರೆ. ಅಂಥ ಗಿಟಾರ್‌ಗಳು ರಿಪೇರಿಗೆಂದು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಬೆರಳಿನ ತಪ್ಪು ಕಮ್ಮಿ, ತಂತಿಯ ಎತ್ತರದ ತಪ್ಪು ಜಾಸ್ತಿ.

ಈ ಎತ್ತರಕ್ಕೆ ಆಕ್ಷನ್ ಅನ್ನುತ್ತೇವೆ. ಅಳೆಯುವುದು 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ, ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ದಪ್ಪ ಇ ತಂತಿ 2.4 ಮಿಲಿಮೀಟರ್, ಸಣ್ಣ ಇ ತಂತಿ 1.8 ಮಿಲಿಮೀಟರ್ ಇದ್ದರೆ ಹೆಚ್ಚಿನ ಕೈಗಳಿಗೆ ಹಿತ. ಅಗ್ಗದ ಹೊಸ ಗಿಟಾರ್‌ಗಳಲ್ಲಿ ದಪ್ಪ ತಂತಿ 3 ದಾಟಿರುವುದು ಮಾಮೂಲು. ಜೋರಾಗಿ ಸ್ಟ್ರಮ್ ಮಾಡುವವರಿಗೆ ಸ್ವಲ್ಪ ಎತ್ತರವೇ ಇರಲಿ, ಇಲ್ಲದಿದ್ದರೆ ತಂತಿ ಫ್ರೆಟ್‌ಗೆ ಬಡಿದು ಬಝ್ ಬರುತ್ತದೆ. ಹಿಂದೂಸ್ತಾನಿ ಗಿಟಾರ್ ವಾದಕ ಬ್ರಿಜ್ ಭೂಷಣ್ ಕಾಬ್ರಾ ಅವರಂತೆ ಗಿಟಾರನ್ನು ಮಡಿಲಲ್ಲಿಟ್ಟು ಮೇಲೆ ಸ್ಟೀಲ್ ಬಾರ್ ಜಾರಿಸಿ ನುಡಿಸುವವರಿಗಂತೂ ತಂತಿ ಎತ್ತರವಾಗಿಯೇ ಬೇಕು. ಅವರಿಗೆ ಈ ಲೇಖನ ಬೇಡ.

ತಂತಿ ಎತ್ತರ ಅನ್ನಿಸಿದ ಕೂಡಲೇ ಜನ ಅಲೆನ್ ಕೀ ಹುಡುಕಿ, ನೆಕ್ ಒಳಗಿರುವ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಲು ಕೂರುತ್ತಾರೆ. ಟ್ರಸ್ ರಾಡ್ ಇರುವುದು ಆಕ್ಷನ್ ಇಳಿಸಲಿಕ್ಕಲ್ಲ, ನೆಕ್‌ನ ಬಾಗು ಸರಿ ಮಾಡಲಿಕ್ಕೆ. 12 ಗೇಜ್‌ನ (ಅತಿ ಸಣ್ಣ ತಂತಿ 0.012 ಇಂಚು ದಪ್ಪ ಇರುವ ಸೆಟ್) ಆರು ತಂತಿ ಶ್ರುತಿಗೆ ಬಂದಾಗ ಒಟ್ಟು 70 ಕೆಜಿಗೂ ಮೀರಿ ಎಳೆಯುತ್ತವೆ. ಆ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗುತ್ತದೆ, ರಾಡ್ ಅದನ್ನು ಹಿಂದಕ್ಕೆ ಹಿಡಿದಿಡುತ್ತದೆ. ಹಾಗಂತ ನೆಕ್ ಪೂರ್ತಿ ನೆಟ್ಟಗಿರಬಾರದು. ಮೀಟಿದ ತಂತಿ ನಡುವೆಯೇ ಜಾಸ್ತಿ ಅಲುಗುತ್ತದೆ, ಅದಕ್ಕೆ ಜಾಗ ಬೇಕಲ್ವಾ?

ಈ ಬಾಗು ನೋಡಲು ಶ್ರುತಿ ಮಾಡಿ, 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ 14ನೇ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಪ್ರಿಂಟರ್‌ಗೆ ಹಾಕುವ ಎ4 ಹಾಳೆಯೇ ಸಾಕು, ಅದು ಸುಮಾರು 0.1 ಮಿಲಿಮೀಟರ್ ದಪ್ಪ. ಒಂದು ಹಾಳೆ ಸಲೀಸಾಗಿ, ಎರಡು ಹಾಳೆ ಸ್ವಲ್ಪ ತಿಕ್ಕಿಕೊಂಡು ಹೋದರೆ ರಾಡ್ ಮುಟ್ಟಲೇಬೇಡಿ. ಸಂದು ತುಂಬಾ ಜಾಸ್ತಿಯಿದ್ದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ನೋಡಿ. ಬಿಗಿ ಅನ್ನಿಸಿದರೆ ನಿಲ್ಲಿಸಿ. ರಾಡ್ ಮುರಿದರೆ ನೆಕ್ಕೇ ಹೋದಂತೆ.

ಈಗ ನಟ್, ಅಂದರೆ ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿ. ಬೆರಳು ನೋಯಿಸುವ ಕಳ್ಳ ಬಹಳ ಸಲ ಇಲ್ಲೇ ಕೂತಿರುತ್ತಾನೆ, ಆದರೆ ಯಾರೂ ಇತ್ತ ನೋಡುವುದಿಲ್ಲ. ಒಂದು ಸುಲಭ ಪರೀಕ್ಷೆ: 1ನೇ ಫ್ರೆಟ್‌ಗೆ ಕೇಪೋ ಹಾಕಿ, ಅದರ ಮುಂದೆ ಎಫ್ ಆಕಾರ ಹಿಡಿಯಿರಿ. ಕೇಪೋ ಇಲ್ಲದಾಗ ಸತಾಯಿಸಿದ ಕಾರ್ಡ್ ಈಗ ಸಲೀಸಾಗಿ ಕೂತರೆ ನಟ್ ಎತ್ತರವಿದೆ ಅಂತಲೇ ಅರ್ಥ. ಇನ್ನೂ ಹತ್ತಿರದಿಂದ ನೋಡಬೇಕಾದರೆ ಕೇಪೋ ತೆಗೆದು ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡಿದು, 1ನೇ ಫ್ರೆಟ್ ಮೇಲೆ ಬೆರಳ ತುದಿಯಿಂದ ತಟ್ಟಿ. ಸಣ್ಣಗೆ ಟಿಕ್ ಅಂತ ಕೇಳಬೇಕು, ಕೂದಲೆಳೆಯಷ್ಟು ಮಾತ್ರ ಸಂದಿರಬೇಕು. ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ಸಂದಿದ್ದರೆ ಎತ್ತರ ಜಾಸ್ತಿ. ಟಿಕ್ ಸದ್ದೇ ಇಲ್ಲದಿದ್ದರೆ ನಟ್‌ನಲ್ಲಿ ತಂತಿ ಕೂರುವ ತೋಡು ಆಗಲೇ ಆಳವಾಗಿದೆ.

ಈ ತೋಡನ್ನು ತಂತಿಯ ದಪ್ಪಕ್ಕೆ ಹೊಂದುವ ಅರದಿಂದಲೇ ಉಜ್ಜಬೇಕು, ಅದು ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರುವ ತುದಿ) ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ನಾಲ್ಕು ಸಲ ಎಳೆದು ಒಂದು ಸಲ ತಂತಿ ಕೂರಿಸಿ ನೋಡುವ ತಾಳ್ಮೆ ಬೇಕು. ಕೈ ಮೀರಿ ಆಳವಾದರೆ ಗಾಬರಿ ಬೇಡ. ತೋಡಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದೇ ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮತ್ತೆ ಉಜ್ಜಬಹುದು. ಹೊಗೆ ಬರುತ್ತದೆ, ಮುಖ ದೂರವಿಡಿ.

ಕೊನೆಗೆ ಸ್ಯಾಡಲ್, ಅಂದರೆ ಬಾಡಿಗೆ ಅಂಟಿಸಿದ ಬ್ರಿಡ್ಜ್ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ. ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಬೇಕೆಂದಾಗ ಎತ್ತರ ತಗ್ಗಿಸಿ ಹೊಸದಾಗಿ ಮೇಳ ಕಟ್ಟಿಸಬಹುದು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಹೊಂದಿಸಿ ಮತ್ತೆ ಕೂರಿಸಬಹುದು. ಗಿಟಾರ್ ಫ್ರೆಟ್ ಮರಕ್ಕೆ ಬಡಿದು ಕೂರಿಸಿದ್ದು. ಹಾಗಾಗಿ ಇಳಿಸುವುದೇನಿದ್ದರೂ ತಂತಿಯ ಎರಡು ತುದಿಯಲ್ಲೇ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲ್‌ನಲ್ಲಿ ತೆಗೆಯಬೇಕು. 3 ಇದ್ದದ್ದು 2.4 ಆಗಬೇಕಾದರೆ 1.2 ಮಿಲಿಮೀಟರ್. ಉಜ್ಜುವುದು ಸ್ಯಾಡಲ್‌ನ ತಳವನ್ನು, ಮೇಲಿನ ದುಂಡನ್ನಲ್ಲ. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಪೆನ್ಸಿಲ್ ಗೆರೆ ಎಳೆದುಕೊಂಡು, ನೆಟ್ಟಗೆ ಹಿಡಿದು ಉಜ್ಜಿ. ಕೆಳಗೆ ಸದ್ದನ್ನು ಆಂಪ್‌ಗೆ ಕಳಿಸುವ ಪಿಕಪ್ ಇದ್ದರೆ ತಳ ಸ್ವಲ್ಪ ವಾಲಿದರೂ ಆಂಪ್‌ನಲ್ಲಿ ಒಂದು ತಂತಿ ಜೋರು, ಇನ್ನೊಂದು ಮೆತ್ತಗೆ ಕೇಳುತ್ತದೆ.

ಉಜ್ಜುವ ಮೊದಲು ಹವೆ ನೋಡಿಕೊಳ್ಳಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮರ ತೇವ ಹೀರಿ ಗಿಟಾರ್‌ನ ಮುಖ ಉಬ್ಬುತ್ತದೆ, ಬ್ರಿಡ್ಜ್ ಜೊತೆಗೆ ತಂತಿಯೂ ಏರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದೇ ಮುಖ ಕುಗ್ಗಿ ತಂತಿ ಇಳಿಯುತ್ತದೆ, ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ. ಜುಲೈನಲ್ಲಿ ಉಜ್ಜಿದ ಸ್ಯಾಡಲ್ ಏಪ್ರಿಲ್‌ನಲ್ಲಿ ಬಝ್ ಕೊಡುತ್ತದೆ. ಕರಾವಳಿಯವರಿಗೆ ನನ್ನ ಸಲಹೆ ಎರಡು ಸ್ಯಾಡಲ್ ಇಟ್ಟುಕೊಳ್ಳುವುದು, ಮಳೆಗಾಲಕ್ಕೆ ತಗ್ಗಿನದು, ಬೇಸಿಗೆಗೆ ಎತ್ತರದ್ದು. ತಂತಿ ಬದಲಿಸುವಾಗ ಹೇಗೂ ಅದು ಕೈಗೆ ಬರುತ್ತದೆ.

ಬ್ರಿಡ್ಜ್ ಮೇಲೆ ಸ್ಯಾಡಲ್ 2 ಮಿಲಿಮೀಟರ್‌ಗಿಂತ ಕಮ್ಮಿ ಉಳಿದು, ಆದರೂ ತಂತಿ ಎತ್ತರವಿದ್ದರೆ ತೊಂದರೆ ನೆಕ್‌ನ ಕೋನದಲ್ಲಿದೆ. ಒಳ್ಳೆ ಗಿಟಾರ್ ಆದರೆ ನೆಕ್ ಬಿಚ್ಚಿ ಮತ್ತೆ ಕೂರಿಸಬಹುದು. ಅಗ್ಗದ್ದಕ್ಕೆ ಸುಮ್ನೆ ಖರ್ಚು, ಆ ದುಡ್ಡಿಗೆ ಇನ್ನೊಂದು ಗಿಟಾರೇ ಬರುತ್ತದೆ. ಅಂಥದ್ದಕ್ಕೆ 11 ಅಥವಾ 10 ಗೇಜ್ ತಂತಿ ಹಾಕಿ, ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿ, 1ನೇ ಫ್ರೆಟ್‌ಗೆ ಕೇಪೋ ಹಾಕಿಕೊಂಡು ನುಡಿಸಿ.